ಮಾಸ್ತಪ್ಪಣ್ಣನ ಫೋನಿನಲ್ಲಿ ಏಳು ಜನ

ನಾನು ಶಾಲೆ ಬಿಟ್ಟಿದ್ದು ೨೦೦೩ರಲ್ಲಿ, ಏಳನೇ ಇಯತ್ತೆಗೆ. ಆ ವರ್ಷವೇ ತೆಂಗಿನಗುಂಡಿಯಲ್ಲಿ ಮಾಸ್ತಪ್ಪಣ್ಣನ ಬೋಟು ಹತ್ತಿದೆ. ಆತ ನಮ್ಮ ತಾಂಡೇಲ, ಬೋಟು ನಡೆಸುವ ಯಜಮಾನ. ಬಲೆ ಹರಿಯಲಿ, ಐಸು ಸಾಲದೆ ಹೋಗಲಿ, ಯಾರದಾದರೂ ಮನೆಯವರು ಕೂಗಾಡಲಿ, ಬೋಟಿನ ಪರವಾಗಿ ಉತ್ತರ ಕೊಡುವವ ಆತನೊಬ್ಬನೇ. ಬೈಯುವಾಗಲೂ ತಮ್ಮನನ್ನು ಕರೆದಂತೆ ‘ತಮಾ’ ಎಂದೇ ಬೈಯುತ್ತಿದ್ದ.

ಕೆಲವು ವರ್ಷಗಳ ಹಿಂದೆ ಕುಮಟೆಯಿಂದ ಒಬ್ಬ ಹೆಣ್ಣುಮಗಳು ಬಂದರು. ಮನಸ್ಸಿನ ಆರೋಗ್ಯದ ಆ್ಯಪನ್ನು ಮೀನುಗಾರರು ಎಷ್ಟು ಬಳಸುತ್ತಾರೆಂದು ಅಳೆಯುವುದು ಅವರ ಕೆಲಸ. ತಾಂಡೇಲನೂ ಸೇರಿ ನಮ್ಮ ಬೋಟಿನ ಏಳೂ ಜನರ ಫೋನಿಗೆ ಅದನ್ನು ಹಾಕಿಕೊಟ್ಟರು. ಆದರೆ ನೀರಿನ ಮೇಲೆ ನಮ್ಮ ಫೋನುಗಳು ಪ್ಲಾಸ್ಟಿಕ್ ಸುತ್ತಿಕೊಂಡು ಡಬ್ಬಿಯಲ್ಲಿರುತ್ತವೆ, ಹೊರಗಿರುವುದು ತಾಂಡೇಲನದೊಂದೇ. ಸಂಜೆ ಬಲೆ ಬಿಟ್ಟ ಮೇಲೆ ಮಾಸ್ತಪ್ಪಣ್ಣ ಕನ್ನಡಕ ಏರಿಸಿ, ಒಬ್ಬೊಬ್ಬರನ್ನೇ ಕೇಳಿ, ಎಲ್ಲರ ಉತ್ತರವನ್ನೂ ತನ್ನ ಫೋನಿನಲ್ಲೇ ಒತ್ತುತ್ತಿದ್ದ.

“ಊಟ ರುಚಿಸ್ತದ್ಯಾ? ಹೇಳಾ.”

“ಅದಕ್ಕೆ ಮನಸ್ಸು ಎಂತ ಮಾಡ್ತದೆ ಅಣ್ಣಾ? ಅಡುಗೆ ನಾಗೇಶಂದು!”

“ಆತು. ಇಲ್ಲ ಅಂತ ಒತ್ತಿದೆ.”

ಆ ವರ್ಷ ನನ್ನ ಮೊದಲ ಕೂಸು ಹುಟ್ಟಿ ಎರಡೇ ವಾರಕ್ಕೆ ತೀರಿಕೊಂಡಿತ್ತು. ಯಾರ ಮುಂದೆಯೂ ಅತ್ತವನಲ್ಲ ನಾನು. ಎರಡಾಳಿನ ಕೆಲಸ ಎಳೆಯುತ್ತಿದ್ದೆ. ಒಂದು ಸಂಜೆ, “ಬದುಕಿದ್ದು ಎಂತಕ್ಕೆ ಅನಿಸ್ತದ್ಯಾ?” ಎಂದು ಆತ ಓದಿದಾಗ ಉಳಿದವರು ನಗುತ್ತ ಇಲ್ಲವೆಂದರು. ನನ್ನ ಬಾಯಿಂದ “ಹೌದು” ಎಂದು ಬಂತು.

ಮಾಸ್ತಪ್ಪಣ್ಣ ಮುಖ ಎತ್ತಲಿಲ್ಲ. ಒತ್ತಿದ. “ತಮಾ, ಇವತ್ತಿಂದ ನೀ ನನ್ನ ಹತ್ರ ಚುಕ್ಕಾಣಿಗೆ ಕೂತ್ಕೊ. ನಂಗೆ ಕಣ್ಣು ಮಂಜಾಗ್ತದೆ.”

ದಡ ಹತ್ತಿರವಾಗಿ ಸಿಗ್ನಲ್ ಸಿಕ್ಕಿ, ಒತ್ತಿದ ಉತ್ತರಗಳು ಕುಮಟೆಗೆ ತಲುಪಿದ್ದೇ ಆತನ ಫೋನು ರಿಂಗಾಯಿತು. ಕುಮಟೆಯ ಆ ಹೆಣ್ಣುಮಗಳು, ಗಾಬರಿಯಲ್ಲಿದ್ದರು.

“ಮಾಸ್ತಪ್ಪನವರೇ, ನೀವು ಆರಾಮಿದ್ದೀರಾ? ಜೊತೆಗೆ ಯಾರಿದ್ದಾರೆ?”

“ನಾನಲ್ಲ ಅಮ್ಮಾ, ನನ್ನ ಬೋಟಿನವ. ಇಲ್ಲೇ ಪಕ್ಕದಲ್ಲಿ ಕೂತಿದ್ದಾನೆ.”

“ನಿಮ್ಮ ಫೋನಲ್ಲಿ ನಿಮ್ಮ ಉತ್ತರ ಮಾತ್ರ ಇರ್ಬೇಕಿತ್ತಲ್ಲ!”

“ಬೋಟಲ್ಲಿದ್ದವ್ರದ್ದೆಲ್ಲ ನಂದೇ ಅಮ್ಮಾ.”

ಏಳು ಜನರ ಮನಸ್ಸು ಒಬ್ಬನ ಹೆಸರಲ್ಲಿ ಸೇರಿದ್ದರಿಂದ ಅವರು ನಮ್ಮ ಬೋಟನ್ನು ಅಳತೆಯಿಂದ ಕೈಬಿಟ್ಟರು. ಆದರೆ ಹೊನ್ನಾವರದ ಒಬ್ಬ ಮನಸ್ಸಿನ ಡಾಕ್ಟರರ ವಿಳಾಸ ಕೊಟ್ಟರು. ಮಾಸ್ತಪ್ಪಣ್ಣ ಒಂದು ದಿನ ಕಡಲಿಗೆ ಹೋಗುವುದನ್ನು ಬಿಟ್ಟು ನನ್ನನ್ನು ಕರೆದುಕೊಂಡು ಹೋದ. ತಾನು ಬಾಗಿಲಲ್ಲೇ ನಿಂತ.

“ಒಳಗೆ ನೀನೇ ಹೇಳ್ಬೇಕು ತಮಾ. ಅಲ್ಲಿ ನಿನ್ನ ಬದ್ಲು ನಾ ಹೇಳೂಕಾಗೂದಿಲ್ಲ.”

ಹೇಳಿದೆ. ಹಲವು ಸಲ ಹೋಗಬೇಕಾಯಿತು. ಪ್ರತಿ ಸಲವೂ ಆತ ಜೊತೆಗೆ ಬಂದ.

ಹೋದ ವರ್ಷ ಎದೆನೋವು ಬಂದು ಮಾಸ್ತಪ್ಪಣ್ಣ ತೀರಿಕೊಂಡ. ಬೋಟು ಕಟ್ಟುವ ಧಕ್ಕೆಯಲ್ಲಿ ಎಲ್ಲರ ಕಣ್ಣೆದುರೇ ಅತ್ತೆ.

ಈಗ ಬೋಟಿಗೆ ನಾನೇ ತಾಂಡೇಲ. ಹೆಂಡತಿ ಇದ್ದಾಳೆ, ಎರಡು ವರ್ಷದ ಮಗಳಿದ್ದಾಳೆ, ಬೋಟಿನಲ್ಲಿ ಆರು ಜನ ಇದ್ದಾರೆ, ಅವರದ್ದೆಲ್ಲ ಈಗ ನನ್ನದೇ.