ನಿಂಗಮ್ಮನ ಡಬರಿ

ಇವತ್ತು ಅಟ್ಟ ಗುಡಿಸುವಾಗ ‘ನಿಂಗಮ್ಮ’ ಎಂದು ಹೆಸರು ಕೆತ್ತಿದ ಸ್ಟೀಲ್ ಡಬರಿ ಸಿಕ್ಕಿತು.

ನಮ್ಮಪ್ಪ ಮೇಷ್ಟ್ರು. ಮೈಸೂರಿನಿಂದ ನಾಗಮಂಗಲದಾಚೆಯ ಹಳ್ಳಿಗೆ ವರ್ಗವಾದಾಗ ಅಮ್ಮ ಟ್ರಂಕನ್ನೇ ಬಿಚ್ಚಲಿಲ್ಲ. “ಮೂರೇ ತಿಂಗಳು, ವಾಪಸ್ ಹೋಗೋದೇ” ಎಂದು ಹಟ ಹಿಡಿದಿದ್ದಳು. ಮೊದಲ ದಿನವೇ ಪಕ್ಕದ ಮನೆಯ ನಿಂಗಮ್ಮ ಈ ಡಬರಿ ತುಂಬ ಅವರೆಕಾಳಿನ ಸಾರು ತಂದುಕೊಟ್ಟರು. ಅಮ್ಮ ಅದನ್ನು ಫಳಫಳ ತೊಳೆದು ಹಿಂದಿರುಗಿಸಲು ಹೋದರೆ ಅವರು ಕೈಯನ್ನೇ ಚಾಚಲಿಲ್ಲ.

“ಬರೀ ಪಾತ್ರೆ ಕೊಟ್ಟಾರೇನವ್ವ? ಒಂದ್ ಚಿಟ್ಕೆ ಸಕ್ರೆನಾರ ಆಕ್ಕೊಡು.”

ಅಮ್ಮ ನಾಚಿಕೊಂಡು ಮನೆಗೆ ಓಡಿ ಬಂದು, ಟ್ರಂಕ್ ಬಿಚ್ಚಿ, ಅಜ್ಜಿ ಕಟ್ಟಿಕೊಟ್ಟಿದ್ದ ಕೋಡುಬಳೆ ತುಂಬಿಸಿದಳು. ಆಮೇಲೆ ಏಳು ವರ್ಷ ಡಬರಿ ಎರಡು ಮನೆಗಳ ನಡುವೆ ಓಡಾಡಿತು, ಒಮ್ಮೆಯೂ ಖಾಲಿಯಾಗಿ ಅಲ್ಲ. ಊರು ಬಿಟ್ಟ ದಿನ ಅದು ನಮ್ಮಲ್ಲೇ ಉಳಿದಿತ್ತು.

ಅಮ್ಮನಿಗೆ ತೋರಿಸಿದೆ. “ಅಯ್ಯೋ, ಸರದಿ ನಮ್ಮದೇ ಅಲ್ವಾ!” ಎಂದು ಒಲೆಯ ಮೇಲೆ ಬಾಣಲೆ ಇಟ್ಟಳು. ನಾಳೆ ಬೆಳಗ್ಗೆ ನಾಗಮಂಗಲದ ಬಸ್ಸು.