ಕಾರ್ಡಿನ ಅಂಗಡಿಯ ಬೀರು

ಕಾರ್ಡಿನ ಅಂಗಡಿಯ ಬೀರು ತೆಗೆದುಕೊಳ್ಳಬಹುದೇ ಎಂದು ಯಾರಾದರೂ ಕೇಳಿದರೆ ತೆಗೆದುಕೊಳ್ಳಿ ಎಂದೇ ಹೇಳುತ್ತೇನೆ. ಅದರಲ್ಲಿ ಸುಳ್ಳೇನೂ ಇಲ್ಲ. ನೊರೆ ಚೆನ್ನಾಗಿ ಏಳುತ್ತದೆ, ಮರುದಿನ ತಲೆ ಹಿಡಿಯುವುದಿಲ್ಲ, ಬಾರಿನದಕ್ಕಿಂತ ಎಷ್ಟೋ ಅಗ್ಗ. ಇಷ್ಟು ಹೇಳಿ ಬಾಯಿ ಮುಚ್ಚಿಕೊಳ್ಳುತ್ತೇನೆ. ಉಳಿದದ್ದು ಅಂಗಡಿಯ ಗಲ್ಲಾ ಮುಂದೆ ಕೂತು ಹೇಳುವ ಮಾತಲ್ಲ.

ಹಳೇಬೀಡಿನ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ದಿನಸಿ ಅಂಗಡಿ. ಮನೆ ಮಾದಿಹಳ್ಳಿಯಲ್ಲಿ. ಅಪ್ಪ, ಅವ್ವ, ನಾನು, ಹೆಂಡತಿ, ಮಗಳು ಎಲ್ಲ ಒಂದೇ ಸೂರಿನ ಕೆಳಗೆ ಇದ್ದೆವು. ತಿಂಗಳಿಗೊಮ್ಮೆ ಅರಸೀಕೆರೆಯ ಇಬ್ಬರು ಅಂಗಡಿಯವರ ಜೊತೆ ಸೇರಿ ಟೆಂಪೊ ಮಾಡಿಕೊಂಡು ಬೆಂಗಳೂರಿನ ಹೊರಗಿರುವ ದೊಡ್ಡ ಹೋಲ್‌ಸೇಲ್ ಮಳಿಗೆಗೆ ಹೋಗುತ್ತಿದ್ದೆ. ಕಾರ್ಡ್ ಇದ್ದವರನ್ನು ಮಾತ್ರ ಒಳಗೆ ಬಿಡುವ ಜಾಗ ಅದು. ಆ ಕಾರ್ಡನ್ನು ನಾನು ಊರಿಗೆ ಬಂದ ಮೇಲೂ ಶರ್ಟಿನ ಜೇಬಿನಲ್ಲಿ ಅರ್ಧ ಕಾಣುವ ಹಾಗೆ ಇಟ್ಟುಕೊಂಡಿರುತ್ತಿದ್ದೆ. ಜಂಬ, ಮತ್ತೇನು.

ಅಲ್ಲಿ ಸೋಪು, ಬಿಸ್ಕತ್ತು, ಕಡಲೆಹಿಟ್ಟು ಎಲ್ಲದರ ಮೇಲೂ ಮಳಿಗೆಯದೇ ಹೆಸರು. ಯಾರೋ ಮಾಡಿಕೊಡುತ್ತಾರೆ, ಇವರು ಹೆಸರು ಹಚ್ಚಿ ಮಾರುತ್ತಾರೆ. ಒಂದು ಸಲ ನೋಡಿದರೆ ಬೀರು ಕೂಡ ಬಂದಿತ್ತು. ಬೂದಿ ಬಣ್ಣದ ಟಿನ್ನು, ಮೇಲೆ ಒಂದು ಚಿತ್ರವಾದರೂ ಇಲ್ಲ. ಅಪ್ಪನಿಗೆಂದು ಒಂದು ಪೆಟ್ಟಿಗೆ ಎತ್ತಿಕೊಂಡು ಬಂದೆ.

ಅಪ್ಪ ಕುಡುಕರಲ್ಲ. ವಾರಕ್ಕೆ ಒಂದೇ ಬಾಟಲಿ, ಅದೂ ಭಾನುವಾರ. ಎಣ್ಣೆ ನೀರು ಹಾಕಿಕೊಂಡು, ಒಗೆದ ಪಂಚೆ ಉಟ್ಟು, ಹಿತ್ತಲಿನ ಕಲ್ಲಿನ ಮೇಲೆ ಕೂತರೆ ಒಳಗಿನಿಂದ ಕೋಳಿ ಸಾರಿನ ಘಮ ಬರುತ್ತಿರಬೇಕು. ಮೂವತ್ತು ವರ್ಷದಿಂದ ಒಂದೇ ಕಂಪನಿಯ ಬಾಟಲಿ, ಊರಿನ ಬಾರಿನಲ್ಲಿ ಯಾವಾಗ ಹೋದರೂ ಸಿಗುವಂಥದ್ದು. ಲೋಟಕ್ಕೆ ಬಗ್ಗಿಸಿಕೊಂಡು ಮೊದಲು ಬಲಗೈ ಬೆರಳು ಅದ್ದಿ ಮೂರು ಹನಿ ನೆಲಕ್ಕೆ ಚಿಮುಕಿಸುತ್ತಿದ್ದರು. ಅದು ಹಿರಿಯರ ಪಾಲು. ಅವರಪ್ಪನಿಗೆ, ಅವರ ತಾತನಿಗೆ, ಇನ್ನೊಂದು ಹೆಸರು ಮರೆತುಹೋದವರಿಗೆ. ನಮ್ಮ ಕಡೆ ಗಂಡಸರು ಹಾಗೆ ಮಾಡದೆ ಲೋಟ ಬಾಯಿಗಿಡುವುದಿಲ್ಲ. ಆಮೇಲೆ ಅರ್ಧ ಗಂಟೆ ಅಪ್ಪನನ್ನು ಯಾರೂ ಮಾತನಾಡಿಸುತ್ತಿರಲಿಲ್ಲ.

ಮೊದಲ ಟಿನ್ನು ಕೊಟ್ಟಾಗ ಅವರು ಅದನ್ನು ಕೈಯಲ್ಲಿ ಹಿಡಿದು ಸುತ್ತ ತಿರುಗಿಸಿ ನೋಡಿದರು.

"ಇದ್ಯಾವ್ದ್ಲಾ ಇದು? ಔಸ್ದಿ ಡಬ್ಬ ಇದ್ದಂಗೈತೆ."

"ಅದೇ ಸರಕು ಕಣಪ್ಪ, ಹೆಸರೊಂದೇ ಬೇರೆ. ಬಾರ್‌ನೋನು ಹೆಸರಿಗೆ ಕಾಸು ಕೀಳ್ತಾನೆ, ಅಷ್ಟೆ. ಕಣ್ಣು ಮುಚ್ಕೊಂಡು ಕುಡಿ, ವ್ಯತ್ಯಾಸ ಗೊತ್ತಾದ್ರೆ ಕೇಳು."

ಅಪ್ಪ ಕಣ್ಣು ಮುಚ್ಚಲಿಲ್ಲ. ಕುಡಿದರು. "ಆಯ್ತು ಬಿಡು, ನೀನ್ ತಂದಿದ್ದೀಯಲ್ಲ" ಎಂದರು. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ. ವ್ಯಾಪಾರದವನು, ಗಿರಾಕಿ ವಾಪಸು ಕೊಡದಿದ್ದರೆ ಮಾಲು ಮೆಚ್ಚಿದ ಎಂದೇ ಲೆಕ್ಕ. ಅಂದಿನಿಂದ ಅಪ್ಪನ ಬಾಟಲಿ ಮನೆಗೆ ಬರುವುದು ನಿಂತಿತು. ಎರಡು ವರ್ಷ ಪ್ರತಿ ಭಾನುವಾರ ಟಿನ್ನೇ. ಭಾನುವಾರ ಮಧ್ಯಾಹ್ನದವರೆಗೂ ಅಂಗಡಿ ತೆರೆದಿರುತ್ತಿದ್ದರಿಂದ ಅವರು ಕುಡಿಯುವುದನ್ನು ಕೂತು ನೋಡಿದವನೂ ನಾನಲ್ಲ. ಊರಲ್ಲಿ ಮಾತ್ರ ಹೇಳಿಕೊಂಡು ತಿರುಗಿದೆ, ನಮ್ಮಪ್ಪನಂಥ ನಮ್ಮಪ್ಪನಿಂದಲೇ ಬ್ರ್ಯಾಂಡು ಬಿಡಿಸಿದೆ ಎಂದು.

ಅಪ್ಪ ತೀರಿಕೊಂಡಾಗ ತಿಥಿಯ ಕೆಲಸವನ್ನೆಲ್ಲ ಸೋದರಮಾವ ನೋಡಿಕೊಂಡರು. ಏನು ತಂದರು, ಏನು ಇಟ್ಟರು ಎಂಬುದರ ಮೇಲೆ ನನಗೆ ಗಮನವೇ ಇರಲಿಲ್ಲ. ವರ್ಷ ತುಂಬುವವರೆಗೆ ಸತ್ತವರನ್ನು ಪಿತೃಪಕ್ಷದ ಎಡೆಯಲ್ಲಿ ಸೇರಿಸುವ ಪದ್ಧತಿ ನಮ್ಮಲ್ಲಿಲ್ಲ. ವರ್ಷ ತುಂಬಿದ ಮೇಲೆ ಬಂದ ಮೊದಲ ಮಹಾಲಯ ಅಮಾವಾಸ್ಯೆಯಂದು ಅಪ್ಪ ಹಿರಿಯರ ಸಾಲಿಗೆ ಸೇರಬೇಕಿತ್ತು. ಆ ದಿನ ಎಡೆ ಇಡುವುದೆಂದರೆ ಅವರು ಇಷ್ಟಪಡುತ್ತಿದ್ದುದನ್ನೆಲ್ಲ ಇಟ್ಟು, ಬಾಗಿಲು ಹಾಕಿ, ಮನೆಯವರೆಲ್ಲ ಹೊರಗೆ ನಿಲ್ಲುವುದು. ಅವರು ಬಂದು ಉಂಡು ಹೋಗಲಿ ಎಂದು.

ಆ ಸಲ ಅಮಾವಾಸ್ಯೆ ಅಕ್ಟೋಬರ್ ಎರಡಕ್ಕೇ ಬಿತ್ತು. ಬಾರುಗಳೆಲ್ಲ ಬಂದ್. ಹಿಂದಿನ ದಿನ ಬಾರಿನ ಮುಂದೆ ಹನುಮಂತನ ಬಾಲದಂಥ ಸಾಲು. ಹಿರಿಯರಿಗೆಂದು ತಮ್ಮ ತಮ್ಮ ಬಾಟಲಿ ಕೊಳ್ಳಲು ಬಿಸಿಲಲ್ಲಿ ನಿಂತಿದ್ದರು ಪಾಪ. ನಾನು ಅಂಗಡಿಯಿಂದ ನೋಡಿ ನಗುತ್ತಿದ್ದೆ. ಮನೆಯ ಫ್ರಿಜ್ಜಿನಲ್ಲಿ ಟಿನ್ನುಗಳು ಬೇಕಾದಷ್ಟಿದ್ದವು.

ಅಮಾವಾಸ್ಯೆಯ ಮಧ್ಯಾಹ್ನ. ನಡುಮನೆಯಲ್ಲಿ ಬಾಳೆ ಎಲೆ ಹಾಸಿ ಮುದ್ದೆ, ಕೋಳಿ ಸಾರು, ಕಜ್ಜಾಯ, ಎಲೆ ಅಡಿಕೆ, ಹೊಸ ಪಂಚೆ ಎಲ್ಲ ಇಟ್ಟಾಗಿತ್ತು. ಅಕ್ಕ, ಭಾವ ಜಾವಗಲ್ಲಿನಿಂದ ಬಂದಿದ್ದರು. ನಾನು ಅಪ್ಪನ ಲೋಟ ತೊಳೆದು ತಂದು ಟಿನ್ನು ತೆಗೆಯಲು ಬೆರಳು ಹಾಕಿದೆ. ಅವ್ವ ನನ್ನ ಕೈ ನೋಡಿದಳು.

"ಇದ್ನ ಇಕ್ತೀಯೇನ್ಲಾ?"

"ಯಾಕವ್ವ? ಅಪ್ಪ ಕುಡೀತಿದ್ದದ್ದು ಇದೇ ಅಲ್ವಾ?"

"ಕುಡೀತಿದ್ರು. ಹನಿ ಚಿಮುಕಿಸ್ತಿದ್ರಾ?"

ನನಗೆ ಅರ್ಥವಾಗಲಿಲ್ಲ. ಅವ್ವ ಸೆರಗಿನಿಂದ ಎಲೆಯ ಮೇಲಿನ ನೊಣ ಓಡಿಸುತ್ತಾ, ನನ್ನ ಮುಖ ನೋಡದೆ ಹೇಳಿದಳು. "ಈ ಡಬ್ಬ ಬಂದ ಮ್ಯಾಲೆ ಒಂದಿನಾನೂ ಬೆರಳದ್ದಲಿಲ್ಲ ಅವ್ರು. ಯಾಕೆ ಅಂತ ಕೇಳ್ದೆ ಒಂದ್ಸಲ. ನಂಗಾದ್ರೆ ನಡೀತದೆ ಕಣೆ, ಮಗ ತಂದವ್ನೆ, ಕುಡೀತೀನಿ, ಹಿರೀಕರಿಗೆ ಹೆಂಗೆ ಕೊಡ್ಲಿ ಇದ್ನ ಅಂದ್ರು. ಈಗ ಅವ್ರೂ ಹಿರೀಕರೇ ಆದ್ರು. ಇಕ್ಕೋದಾದ್ರೆ ಇಕ್ಕು, ನಿನ್ನಿಷ್ಟ."

ಎರಡು ವರ್ಷ, ಅಷ್ಟೊಂದು ಭಾನುವಾರ, ನನ್ನ ಮನಸ್ಸು ನೋಯಬಾರದೆಂದು ಆ ಮನುಷ್ಯ ಹಿರಿಯರಿಗೆ ಕೊಡಲಾಗದ್ದನ್ನು ತಾವು ನುಂಗಿಕೊಂಡಿದ್ದರು. ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಅಪ್ಪನ ಮೇಲೆ. ಬೇಡ ಎಂದು ಒಂದು ಮಾತು ಬೈದಿದ್ದರೆ ಏನಾಗುತ್ತಿತ್ತು? ಅವ್ವನ ಮೇಲೂ ಸಿಟ್ಟು ಬಂತು. ನಿನ್ನೆ ಹೇಳಿದ್ದರೆ ನಾನೂ ಆ ಸಾಲಿನಲ್ಲಿ ನಿಲ್ಲುತ್ತಿರಲಿಲ್ಲವೇ? ಆದರೆ ನಿನ್ನೆ ಸಂಜೆ ಮನೆಯಲ್ಲಿ ಸಾಲಿನವರನ್ನು ಆಡಿಕೊಂಡು ನಕ್ಕವನು ನಾನೇ. ಅವ್ವ ಆಗ ಅಲ್ಲೇ ಅಕ್ಕಿ ಆರಿಸುತ್ತಾ ಕೂತಿದ್ದಳು.

ಅಟ್ಟದ ಮೇಲೆ ಅಪ್ಪನ ಖಾಲಿ ಬಾಟಲಿಗಳು ಒಂದೆರಡು ಇದ್ದವು. ಟಿನ್ನಿನದನ್ನು ಅದಕ್ಕೆ ಸುರಿದು ಇಟ್ಟುಬಿಡಲೇ ಎಂಬ ಯೋಚನೆ ಬಂತು. ಬಂದದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಎಡೆ ಹಾಗೇ ಬಿಟ್ಟು ಬೈಕ್ ತೆಗೆದೆ. ಹಳೇಬೀಡಿನ ಬಾರಿನ ಶೆಟರಿಗೆ ಸೀಲು ಬಿದ್ದಿತ್ತು. ಶೆಟರಿನ ಸಂದಿಯಲ್ಲಿ ಬಗ್ಗಿ ನೋಡಿದರೆ ಕತ್ತಲು. ಒಳಗೆ ಕಪಾಟಿನ ತುಂಬ ಅಪ್ಪನ ಬಾಟಲಿಯೇ ಇತ್ತೆಂದು ನನಗೆ ಗೊತ್ತು. ಪರಿಚಯದ ಕ್ಯಾಷಿಯರಿಗೆ ಫೋನ್ ಮಾಡಿದೆ. "ಇವತ್ತು ಆಗಲ್ಲ ಅಣ್ಣ, ಲೈಸೆನ್ಸ್ ಹೋಗ್ತದೆ" ಎಂದ. ಬೇಲೂರಿಗೆ ಹೋದೆ. ಅಲ್ಲಿಯೂ ಎಲ್ಲ ಮುಚ್ಚಿತ್ತು. ಕದ್ದು ಮಾರುವ ಒಬ್ಬಳ ಮನೆ ಬಿಕ್ಕೋಡು ರಸ್ತೆಯಲ್ಲಿದೆ ಎಂದು ಯಾರೋ ಹೇಳಿದರು. ಹೋಗಿ ಹಿತ್ತಲ ಬಾಗಿಲಲ್ಲಿ ನಿಂತು ಕೇಳಿದೆ.

"ಬೀರ್ ಯಾರಿಟ್ಕೋತಾರೆ ಸಾಮಿ? ಜಾಗ ತಿಂತದೆ. ಪ್ಯಾಕೆಟ್ ವಿಸ್ಕಿ ಐತೆ, ಬೇಕಾ?"

"ಬೇಡಮ್ಮ. ನಮ್ಮಪ್ಪನಿಗೆ ಎಡೆಗೆ."

"ಅಯ್ಯೋ, ನಿನ್ನೇನೇ ತಗೊಂಡಿಡ್ಬಾರ್ದಾ?" ಎಂದಳು. ಅವಳ ದನಿಯಲ್ಲಿ ನಿಜವಾದ ಮರುಕವಿತ್ತು. ಕದ್ದು ಮಾರುವವಳಿಗೆ ತಿಳಿದದ್ದು ಕಾರ್ಡ್ ಇಟ್ಟುಕೊಂಡವನಿಗೆ ತಿಳಿಯಲಿಲ್ಲ.

ಬರಿಗೈಯಲ್ಲಿ ಮನೆಗೆ ಬಂದಾಗ ಮುದ್ದೆ ಆರಿ ಬಿರುಕು ಬಿಟ್ಟಿತ್ತು. ಹಸಿದ ಭಾವ ಜಗಲಿಯಲ್ಲಿ ಕೂತು, ಒಂದು ಬೀರಿಗೆ ಇಷ್ಟು ರಂಪವೇ ಎಂದು ಅಕ್ಕನ ಹತ್ತಿರ ಗೊಣಗುತ್ತಿದ್ದರು. ಅವ್ವ ನನ್ನ ಕೈ ನೋಡಿದಳು. ಲೋಟ ತೆಗೆದುಕೊಂಡು ಹೋಗಿ ಹಂಡೆಯಿಂದ ನೀರು ತುಂಬಿ ತಂದಳು.

"ನೀರಿಕ್ಕು. ನೀರ್ನ ಯಾವತ್ತೂ ಬ್ಯಾಡ ಅಂದೋರಲ್ಲ."

ಇಟ್ಟೆ. ಊದುಬತ್ತಿ ಹಚ್ಚಿ, ಬಾಗಿಲು ಎಳೆದುಕೊಂಡು ಎಲ್ಲರೂ ಅಂಗಳಕ್ಕೆ ಬಂದೆವು. ಒಳಗೆ ಅಪ್ಪ ಮೊದಲ ಸಲ ಎಲೆಯ ಮುಂದೆ ಕೂತು ಲೋಟದಲ್ಲಿ ನೀರು ನೋಡುತ್ತಿರುವುದು ನನ್ನ ಕಣ್ಣಿಗೆ ಕಟ್ಟಿತು. ಆಯ್ತು ಬಿಡು ಎಂದಿರುತ್ತಾರೆ. ಸ್ವಲ್ಪ ಹೊತ್ತಿಗೆ ಅವ್ವ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋದಳು. ಲೋಟದ ನೀರನ್ನು ನನ್ನ ಕೈಗೇ ಕೊಟ್ಟಳು. ಕುಡಿದೆ.

ಊಟ ಮುಗಿದ ಮೇಲೆ ಭಾವ ಫ್ರಿಜ್ಜು ತೆಗೆದು ಟಿನ್ನುಗಳನ್ನು ಹಿತ್ತಲಿಗೆ ಒಯ್ದರು. ಪಕ್ಕದ ಮನೆಯವರೂ ಬೇಲಿ ದಾಟಿ ಬಂದರು. ಅಪ್ಪ ಕೂರುತ್ತಿದ್ದ ಕಲ್ಲಿನ ಮೇಲೆ ಟಿನ್ನುಗಳನ್ನು ಸಾಲಾಗಿ ಇಟ್ಟುಕೊಂಡು ಕುಡಿದರು. "ಚೆನ್ನಾಗೈತಲ್ರೀ, ಮುಂದಿನ ಸಲ ಹೋದಾಗ ನಂಗೂ ಒಂದು ಪೆಟ್ಟಿಗೆ ತನ್ನಿ" ಎಂದರು ಭಾವ. ತರುತ್ತೇನೆ ಎಂದೆ.

ಮೊನ್ನೆಯ ಪಕ್ಷಕ್ಕೆ ತಿಂಗಳು ಮೊದಲೇ ಬಾರಿನಿಂದ ಅಪ್ಪನ ಬಾಟಲಿ ತಂದು ಬಟ್ಟೆ ಸುತ್ತಿ ಇಟ್ಟಿದ್ದೆ. ಎಡೆಗೆ ಅದನ್ನೇ ಇಟ್ಟೆ. ಅವ್ವ ನೋಡಿ ಊದುಬತ್ತಿ ಹಚ್ಚಿದಳು. ಬದುಕಿದ್ದಾಗ ತಪ್ಪಿಸಿದ ಬಾಟಲಿಗಳೆಲ್ಲ ಆ ಒಂದರಿಂದ ತೀರಿದವೆಂದು ನಾನು ಅಂದುಕೊಳ್ಳಲಿಲ್ಲ.

ಟಿನ್ನು ತರುವುದನ್ನು ನಾನು ಬಿಟ್ಟಿಲ್ಲ. ಬಾರಿನ ಬಾಟಲಿ ಕುಡಿಯುವ ಮುಖ ನನಗಿಲ್ಲ, ನನಗೆ ಇದೇ ಸಾಕು. ಭಾನುವಾರ ಈಗ ಅಂಗಡಿ ಬೇಗ ಮುಚ್ಚಿ ಬಂದು ಅಪ್ಪನ ಕಲ್ಲಿನ ಮೇಲೆ ಕೂರುತ್ತೇನೆ. ಲೋಟಕ್ಕೆ ಬಗ್ಗಿಸಿ, ಅಭ್ಯಾಸ ನೋಡಿ, ಬೆರಳು ತಾನಾಗಿ ಒಳಗೆ ಇಳಿಯುತ್ತದೆ. ಅವ್ವ ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿರುತ್ತಾಳೆ. ಬೆರಳನ್ನು ಪಂಚೆಗೆ ಒರೆಸಿಕೊಂಡು ಕುಡಿಯುತ್ತೇನೆ.