ಮಗ್ಗದ ಹೆಸರಿನಲ್ಲಿ ಅತ್ತೆಗೊಂದು ಮನೆ

ಎಂಬತ್ತರ ದಶಕದಲ್ಲಿ ನಮ್ಮೂರಿನ ಪಂಚಾಯಿತಿ ಕಚೇರಿಯ ಪ್ರಕಾರ ಹಿತ್ತಿಲಿನಲ್ಲಿ ಸ್ವಂತ ಸೂರು ಪಡೆಯುವ ಯೋಗ್ಯತೆ ಎರಡಕ್ಕೆ ಮಾತ್ರ ಇತ್ತು: ಎಮ್ಮೆಗೆ ಮತ್ತು ಮಗ್ಗಕ್ಕೆ. ನನ್ನ ಸೋದರತ್ತೆ ಇವೆರಡೂ ಆಗಿರಲಿಲ್ಲ. ಅದು ಅವಳದೇ ತಪ್ಪು ಎನ್ನುವ ಹಾಗೆ ಗುಮಾಸ್ತರು ನಮ್ಮಪ್ಪನ ಮುಖ ನೋಡಿದರು.

ನಾವು ನೇಕಾರರು. ಅನ್ನೂರಿನಲ್ಲಿ ಟೌನ್ ಬಸ್ಸು ಹತ್ತಿದರೆ ಅರ್ಧ ಗಂಟೆಗೆ ನಮ್ಮೂರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಅತ್ತೆ ಗಂಡನನ್ನು ಕಳೆದುಕೊಂಡು ಉಡುಮಲೈಪೇಟೆಯಿಂದ ನಮ್ಮ ಮನೆಗೆ ಬಂದವಳು ಹತ್ತು ವರ್ಷ ಅಮ್ಮನ ಅಡಿಗೆಮನೆಯಲ್ಲಿ ಕಳೆದಳು. ಇಬ್ಬರೂ ಒಳ್ಳೆಯವರೇ. ಆದರೆ ಅಮ್ಮ ಹಾಕಿದ ಉಪ್ಪು ಅತ್ತೆಗೆ ಹೆಚ್ಚು, ಅತ್ತೆ ಜಜ್ಜಿದ ಬೆಳ್ಳುಳ್ಳಿ ಅಮ್ಮನಿಗೆ ಹೆಚ್ಚು. ದಿನಕ್ಕೆ ಮೂರು ಹೊತ್ತು ಪಾತ್ರೆಗಳು ಅವರಿಬ್ಬರ ಪರವಾಗಿ ಜಗಳವಾಡುತ್ತಿದ್ದವು. ಕೊನೆಗೆ ಒಂದು ದಿನ ಅತ್ತೆ ಅಪ್ಪನನ್ನು ಕೇಳಿದಳು.

"ಅಣ್ಣಯ್ಯ, ನಂಗೆ ನಗ ನಾಣ್ಯ ಏನೂ ಬ್ಯಾಡ. ಹಿತ್ಲಲ್ಲಿ ಒಂದು ಅಡುಪು, ಒಳಗಿಂದ ಅಗುಳಿ ಹಾಕ್ಕೊಳ್ಳಕ್ಕೆ ಒಂದು ಬಾಗ್ಲು. ಅಷ್ಟು ಮಾಡ್ಕೊಡು ಸಾಕು."

ಅಡುಪು ಎಂದರೆ ಒಲೆ. ಹಿತ್ತಿಲಿನಲ್ಲಿ ನುಗ್ಗೆ ಮರಕ್ಕೂ ಬಟ್ಟೆ ಒಗೆಯುವ ಕಲ್ಲಿಗೂ ನಡುವೆ ಒಂದು ಕೋಣೆಯಷ್ಟು ಜಾಗ ಬಿದ್ದಿತ್ತು. ಅಪ್ಪ ಒಪ್ಪಿದ. ಅಮ್ಮ ಅಪ್ಪನಿಗಿಂತ ಮೊದಲೇ ಒಪ್ಪಿದಳು. ಹತ್ತನೇ ಕ್ಲಾಸು ಮುಗಿಸಿ ಮನೆಯಲ್ಲಿ ನೂಲು ಸುತ್ತುತ್ತಿದ್ದ ನಾನು ತಮಿಳಿನಲ್ಲಿ ಅರ್ಜಿ ಬರೆದೆ. 'ವಿಧವೆಯಾದ ತಂಗಿಯ ವಾಸಕ್ಕಾಗಿ' ಎಂದು ಬರೆದಾಗ ಓದುವವರ ಕಣ್ಣು ಒದ್ದೆಯಾಗುತ್ತದೆ ಎಂದುಕೊಂಡಿದ್ದೆ.

ಗುಮಾಸ್ತರ ಕಣ್ಣು ಒಣಗಿಯೇ ಇತ್ತು. ಅವರ ಮಾತೆಲ್ಲ ತಮಿಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಒಂದು ನಿವೇಶನಕ್ಕೆ ಒಂದೇ ಮನೆ. ಇನ್ನೊಂದು ಒಲೆ ಬಂದರೆ ಇನ್ನೊಂದು ಮನೆ ಆಯಿತು. ಅದಕ್ಕೆ ಅವಕಾಶವಿಲ್ಲ."

"ಎಮ್ಮೆ ಕಟ್ಟಿದರೆ?" ಎಂದ ಅಪ್ಪ, ಸಿಟ್ಟಿನಲ್ಲಿ.

"ಧಾರಾಳವಾಗಿ ಕಟ್ಟಿ," ಎಂದರು ಗುಮಾಸ್ತರು, ಸಿಟ್ಟಿಲ್ಲದೆ. ಆಮೇಲೆ ಕನ್ನಡಕ ತೆಗೆದು, ನಮ್ಮ ಮೇಲೆ ದಯೆ ಬಂದವರಂತೆ ದನಿ ತಗ್ಗಿಸಿದರು. "ನೀವು ನೇಯುವವರಲ್ಲವಾ? ಮಗ್ಗದ ಕೊಟ್ಟಿಗೆ ಅಂತ ಬರೆದುಕೊಂಡು ಬನ್ನಿ. ಕೈಮಗ್ಗ ಅಂದರೆ ಮೇಲಿನವರಿಗೂ ಪ್ರೀತಿ."

ಹಾಗೆ ಅತ್ತೆ ಕಾಗದದ ಮೇಲೆ ಮಗ್ಗವಾದಳು. ಅರ್ಜಿಯ ಜೊತೆಗೆ ಒಂದು ಮುಚ್ಚಳಿಕೆಯನ್ನೂ ಬರೆಸಿದರು. 'ಸದರಿ ಕಟ್ಟಡದಲ್ಲಿ ಮನುಷ್ಯರು ವಾಸಿಸತಕ್ಕದ್ದಲ್ಲ, ಒಲೆ ಹಚ್ಚತಕ್ಕದ್ದಲ್ಲ.' ಅವರು ಹೇಳಿದರು, ನಾನು ಬರೆದೆ. ಅಕ್ಷರ ಮುತ್ತಿನಂತಿದೆ ಎಂದು ಅವರು ಹೊಗಳಿದಾಗ ನಾನು ಉಬ್ಬಿಹೋದೆ. ಆ ಹೆಮ್ಮೆಗೆ ಈಗಲೂ ನಾಚಿಕೆಯಾಗುತ್ತದೆ.

ಗೋಡೆ ಎದ್ದಿತು, ಹಂಚು ಕೂತಿತು. ಗುಮಾಸ್ತರು ಪರಿಶೀಲನೆಗೆ ಬರುತ್ತಾರೆಂದು ಅಪ್ಪ ಅಟ್ಟದ ಮೇಲಿದ್ದ ತಾತನ ಕಾಲದ ಮಗ್ಗ ಇಳಿಸಿ, ನೆಲದಲ್ಲಿ ಕಾಲಿಳಿಬಿಡುವ ಗುಂಡಿ ತೋಡಿ, ಅದನ್ನು ಹೂಡಿ ನೂಲನ್ನೂ ಏರಿಸಿದ. ಮುಕ್ಕಾಲು ಕೋಣೆ ಮಗ್ಗಕ್ಕೇ ಹೋಯಿತು. ಉಳಿದ ಕಾಲು ಭಾಗದಲ್ಲಿ ಅತ್ತೆ ಚಾಪೆ, ಟ್ರಂಕು, ಸೀಮೆಣ್ಣೆ ಸ್ಟೌ ಇಟ್ಟುಕೊಂಡು ಮಹಾರಾಣಿಯ ಹಾಗೆ ಅಗುಳಿ ಹಾಕಿಕೊಂಡಳು. ಮೊದಲ ದಿನ ಅವಳು ಮಾಡಿದ ಬೆಳ್ಳುಳ್ಳಿ ಸಾರಿನ ಘಾಟಿಗೆ ಅಮ್ಮ ಈ ಕಡೆಯಿಂದ ಸೀನಿದಳು. ಆ ಕಡೆಯಿಂದ ಅತ್ತೆ ನಕ್ಕಳು. ಹತ್ತು ವರ್ಷದಲ್ಲಿ ಅವಳು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕೇಳಿರಲಿಲ್ಲ.

ಬರುತ್ತೇನೆಂದ ದಿನ ಗುಮಾಸ್ತರು ಬರಲಿಲ್ಲ. ಬರುವುದಿಲ್ಲವೆಂದು ನಾವು ಮರೆತ ಮೇಲೆ ಒಂದು ಮಧ್ಯಾಹ್ನ, ಸರಿಯಾಗಿ ರಸ ಕುದಿಯುವ ಹೊತ್ತಿಗೆ ಬಂದರು. ನಾನು ಓಡಿಹೋಗಿ ಬಾಗಿಲು ತಟ್ಟಿದೆ. ಅತ್ತೆ ಸ್ಟೌ ಆರಿಸಿ, ರಸದ ಪಾತ್ರೆಯನ್ನು ಬುಟ್ಟಿ ಕವುಚಿ ಮುಚ್ಚಿ, ಬೇರೆ ಜಾಗ ಕಾಣದೆ ಸ್ಟೌವನ್ನು ಮಗ್ಗದ ಗುಂಡಿಗೆ ಇಳಿಸಿದಳು. ತಾನೂ ಅಲ್ಲೇ ಕಾಲು ಇಳಿಬಿಟ್ಟು ಕೂತು ಲಾಳಿ ಎಸೆಯತೊಡಗಿದಳು.

ಗುಮಾಸ್ತರಿಗೆ ಆ ದಿನ ಎಲ್ಲಿಲ್ಲದ ಕಲಾಭಿರುಚಿ ಉಕ್ಕಿತು. ಅಂಚು ಮುಟ್ಟಿ ನೋಡಿದರು. ಬಣ್ಣ ಯಾವುದೆಂದು ಕೇಳಿದರು. ತಮ್ಮ ಮದುವೆಯ ಪಂಚೆಯ ಕಥೆ ಹೇಳಿದರು. ಕೈಮಗ್ಗ ಉಳಿಯಬೇಕು, ಪವರ್‌ಲೂಮ್ ಬಂದು ಎಲ್ಲ ಕೆಟ್ಟಿತು ಎಂದು ನಮಗೆ ಉಪದೇಶ ಮಾಡಿದರು. ಅತ್ತೆ ಹೂಂ ಎನ್ನುತ್ತ ನೇಯುತ್ತಲೇ ಇದ್ದಳು. ಹಣೆಯಿಂದ ಬೆವರು ಗಲ್ಲಕ್ಕೆ ಇಳಿಯುತ್ತಿತ್ತು. ಸೆಕೆ ಎಂದುಕೊಂಡೆ. ಅವರು ಸಹಿ ಹಾಕಿ ಹೋದ ಮೇಲೆ ಅವಳನ್ನು ಎತ್ತಲು ಅಪ್ಪನೂ ನಾನೂ ಬೇಕಾಯಿತು. ಗುಂಡಿ ಇಕ್ಕಟ್ಟು. ಕಾದ ಸ್ಟೌವಿಗೆ ಅಂಟಿಕೊಂಡೇ ಇದ್ದ ಅವಳ ಹಿಮ್ಮಡಿಯ ಚರ್ಮ ಸುಲಿದುಹೋಗಿತ್ತು. ಎಣ್ಣೆ ಹಚ್ಚುತ್ತಾ ಅಮ್ಮ ಅತ್ತಳು. ಅತ್ತೆ ಮಾತ್ರ, "ಸಹಿ ಆಯ್ತಲ್ಲ, ಬುಡು" ಎಂದಳು.

ಎರಡು ವರ್ಷವಾಯಿತು. ಗಾಯ ಮಾಗಿ ಕಲೆ ಉಳಿಯಿತು. ಒಂದು ಬೆಳಿಗ್ಗೆ ಅದೇ ಗುಮಾಸ್ತರು ಫೈಲಿಲ್ಲದೆ, ಬಾಳೆಹಣ್ಣಿನ ಚೀಲ ಹಿಡಿದು ನಮ್ಮ ಹಿತ್ತಿಲಿಗೆ ಬಂದು ನಿಂತರು. ಅವರ ತಾಯಿಗೂ ಹೆಂಡತಿಗೂ ಒಂದೇ ಒಲೆಯಲ್ಲಿ ಆಗುತ್ತಿಲ್ಲವಂತೆ. ತಾಯಿಗೆ ಇಂಥದೇ ಒಂದು ಕೋಣೆ, ಸಣ್ಣ ಒಲೆ, ಹತ್ತಿರದಲ್ಲಿ ಎಲ್ಲಾದರೂ ಬಾಡಿಗೆಗೆ ಸಿಗುತ್ತದಾ ಎಂದು ಕೇಳಿದರು.

ಅತ್ತೆ ತಮಿಳಿನಲ್ಲಿ ಬಹಳ ಮರ್ಯಾದೆಯಿಂದ, "ಇದು ಮಗ್ಗದ ಮನೆ ಸ್ವಾಮಿ. ಮನುಷ್ಯರು ಇರಬಾರದು ಅಂತ ನೀವೇ ಅಲ್ಲವಾ ಬರೆಸಿಕೊಂಡಿದ್ದು?" ಎಂದಳು.

ಗುಮಾಸ್ತರು ನಕ್ಕರು. "ಅದೆಲ್ಲ ಕಾಗದದ ಮಾತು ಅಮ್ಮಾ. ಅವತ್ತೇ ನನಗೆ ರಸದ ವಾಸನೆ ಬಂದಿತ್ತು. ನಾನೇನಾದರೂ ಬಾಯಿ ಬಿಟ್ಟೆನಾ? ಅಷ್ಟು ಸಹಾಯ ಯಾರು ಮಾಡುತ್ತಾರೆ ಹೇಳಿ!"

ನನ್ನ ಮೈಯೆಲ್ಲ ಉರಿದುಹೋಯಿತು. ಆ ಬಾಳೆಹಣ್ಣನ್ನು ಅವರ ಮುಖಕ್ಕೆ ಎಸೆಯಬೇಕೆನಿಸಿತು. ಅತ್ತೆಗೆ ಅವಸರವಿರಲಿಲ್ಲ. ಸೀರೆಯ ಅಂಚನ್ನು ಒಂದಿಷ್ಟು ಎತ್ತಿ, ಕಲೆಗಟ್ಟಿದ ಹಿಮ್ಮಡಿಯನ್ನು ಅವರಿಗೆ ಕಾಣುವಂತೆ ತಿರುಗಿಸಿದಳು.

"ಆ ವಾಸನೆ ಬಂದಾಗ ಸ್ಟೌ ಈ ಕಾಲಿನ ಪಕ್ಕ ಇತ್ತು. ಗೊತ್ತಿದ್ದ ಮೇಲೆ ಸ್ವಲ್ಪ ಬೇಗ ಹೋಗಬಾರದಿತ್ತಾ, ಸ್ವಾಮಿ?"

ಗುಮಾಸ್ತರು ಹಿಮ್ಮಡಿ ನೋಡಿದರು, ಮಗ್ಗ ನೋಡಿದರು. ಅತ್ತೆ ಸೀರೆ ಇಳಿಸಿ ನನ್ನ ಕಡೆ ತಿರುಗಿ ನಮ್ಮ ಕನ್ನಡದಲ್ಲಿ ಹೇಳಿದಳು:

"ಇವರಮ್ಮನಿಗೂ ಒಂದು ಅರ್ಜಿ ಬರ್ಕೊಡು ಮಗ. ಆಯಮ್ಮಂಗೆ ನೇಯಕ್ಕೆ ಬತ್ತದಾ ಅಂತ ಮಾತ್ರ ಮೊದ್ಲೇ ಕೇಳ್ಕೊ."